ಕಾಕಾ ಕಿಲೊಗೆ ಎಷ್ಟು?

ನಾಗರ ಪಂಚಮಿ ಮುಗಿಸಿಕೊಂಡು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದೆವು. ನಾನು, ಕಾಕಾ, ಕಾಕು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಾಕುವಿನ ಬ್ಯಾಗ್ ಎತ್ತಿಟ್ಟೆ. ಕೆಂಪು ಅಂಕಿ 17.1 ಎಂದಿತು. ಪುಕ್ಕಟೆ ಇರುವುದು 15 ಕಿಲೊ ಮಾತ್ರ. ಮಿಕ್ಕಿದ್ದಕ್ಕೆ ಸಾವಿರದ ಇನ್ನೂರು ಚಿಲ್ಲರೆ ಕಟ್ಟಬೇಕು ಎಂದು ಕೌಂಟರಿನ ಹುಡುಗಿ ನಗುನಗುತ್ತಲೇ ಹೇಳಿದಳು.

ನಮ್ಮ ಕಾಕಾ ಎಪಿಎಂಸಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ದಲ್ಲಾಳಿ ಅಂಗಡಿ ನಡೆಸಿದವರು. ತೂಕದ ವಿಷಯ ಬಂದರೆ ಸುಮ್ಮನೆ ನಿಲ್ಲುವವರಲ್ಲ.

"ಏನವ್ವಾ, ನಾ ನೂರಾ ನಾಲ್ಕು ಕಿಲೊ ಅದೀನಿ. ಇವನ್ನ ನೋಡು, ಐವತ್ತೆಂಟು. ಇಬ್ಬರಿಗೂ ಟಿಕೆಟ್ ಒಂದ. ನಲವತ್ತಾರು ಕಿಲೊ ಕಾಕಾನ್ನ ಪುಕ್ಕಟೆ ಬಿಟ್ರಿ, ಎರಡು ಕಿಲೊ ಉಂಡಿ ಹಿಡದ್ರಿ. ಇದ್ಯಾವ ಲೆಕ್ಕ?"

"ಸರ್, ಪ್ಯಾಸೆಂಜರ್ ಬೇರೆ, ಬ್ಯಾಗೇಜ್ ಬೇರೆ" ಎಂದಳು ಹುಡುಗಿ.

ಕಾಕು ಮಾತಾಡಲಿಲ್ಲ. ಬ್ಯಾಗನ್ನು ಬದಿಯ ಬೆಂಚಿಗೆ ಎಳೆದುಕೊಂಡು ಹೋಗಿ ಜಿಪ್ ತೆಗೆದರು. "ಚೀಲದಾಗ ಇದ್ದರ ರೊಕ್ಕ, ಹೊಟ್ಟ್ಯಾಗ ಇದ್ದರ ಪುಕ್ಕಟೆ. ಹಂಗಾದ್ರ ಹೊಟ್ಟ್ಯಾಗ ಇಡ್ರಿ" ಎಂದು ಡಬ್ಬಿ ಬಿಚ್ಚಿದರು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ನಾವು ಮೂವರು ತಿಂದೆವು. ಸಾಲಿನಲ್ಲಿದ್ದ ಇಬ್ಬರು ಹುಡುಗರಿಗೆ ಕೊಟ್ಟೆವು. ಗದಗಿನ ಒಂದು ಸಂಸಾರಕ್ಕೆ ಕೊಟ್ಟೆವು, ಅವರೂ ಬೆಂಗಳೂರಿನ ವಿಮಾನದವರೇ. ಹತ್ತು ನಿಮಿಷದಲ್ಲಿ ಬ್ಯಾಗ್ ಮತ್ತೆ ತಕ್ಕಡಿ ಏರಿತು. 15.0. ಹುಡುಗಿ ನಗುತ್ತಾ ಪಟ್ಟಿ ಅಂಟಿಸಿದಳು.

ಎರಡು ಕಿಲೊ ಉಂಡಿ ಅದೇ ವಿಮಾನ ಹತ್ತಿತು, ಅದೇ ಹೊತ್ತಿಗೆ ಬೆಂಗಳೂರಿಗೆ ಬಂದಿಳಿಯಿತು. ಬದಲಾದದ್ದು ವಿಳಾಸ ಮಾತ್ರ.

ಅವತ್ತಿನಿಂದ ಕಾಕಾ ಒಂದೇ ಮಾತು ಹಿಡಿದುಕೊಂಡಿದ್ದಾರೆ. ವಿಮಾನದವರಿಗೆ ತೂಕದ ಮೇಲೆ ಅಷ್ಟು ಪ್ರೀತಿ ಇದ್ದರೆ ಮನುಷ್ಯರನ್ನೇ ತೂಗಿ ಟಿಕೆಟ್ ಕೊಡಲಿ. ನಾನು ನಕ್ಕೆ. ಆಮೇಲೆ ನೋಡಿದರೆ ಇದು ಕಾಕಾನ ತಲೆಯಿಂದ ಹೊಸದಾಗಿ ಬಂದದ್ದೇನಲ್ಲ. ದೊಡ್ಡ ದೊಡ್ಡವರು ಆಗಲೇ ಯೋಚಿಸಿದ್ದಾರೆ, ಒಬ್ಬರು ಮಾಡಿಯೂ ತೋರಿಸಿದ್ದಾರೆ.

ಪೆಸಿಫಿಕ್ ಸಾಗರದ ನಡುವೆ ಸಮೋವಾ ಎಂಬ ಪುಟ್ಟ ದ್ವೀಪ ದೇಶ. ಅಲ್ಲಿ ಸಮೋವಾ ಏರ್ ಎಂಬ ಕಂಪನಿ ಇತ್ತು. 2013ರಲ್ಲಿ ಅವರು ಸೀಟಿನ ದರ ಬಿಟ್ಟು ಕಿಲೊ ದರ ತಂದರು. ಟಿಕೆಟ್ ಬುಕ್ ಮಾಡುವಾಗಲೇ ನಿಮ್ಮ ಮೈ, ನಿಮ್ಮ ಬ್ಯಾಗ್ ಎರಡೂ ಸೇರಿಸಿ ಎಷ್ಟು ಕಿಲೊ ಎಂದು ಹೇಳಬೇಕು. ನಿಲ್ದಾಣಕ್ಕೆ ಬಂದಮೇಲೆ ತಕ್ಕಡಿ ಹತ್ತಬೇಕು. ಸುದ್ದಿ ಜಗತ್ತಿಗೆಲ್ಲ ಹರಡಿದ್ದು ಏಪ್ರಿಲ್ ಮೊದಲ ವಾರದಲ್ಲಿ. ಎಷ್ಟೋ ಜನ ಏಪ್ರಿಲ್ ಫೂಲ್ ಎಂದೇ ತಿಳಿದರು. ಕಂಪನಿಯ ಮುಖ್ಯಸ್ಥ ಕ್ರಿಸ್ ಲ್ಯಾಂಗ್ಟನ್ ಮಾತ್ರ ಕದಲಲಿಲ್ಲ. ಕಿಲೊ ಎಂದರೆ ಕಿಲೊ, ಅದು ಮೈಯದ್ದಾದರೇನು ಪೆಟ್ಟಿಗೆಯದ್ದಾದರೇನು ಎಂಬುದು ಅವರ ವಾದ.

ಇದನ್ನು ಓದಿ ಹೇಳಿದಾಗ ಕಾಕಾ ತೊಡೆ ತಟ್ಟಿದರು. "ಇವ ನಮ್ಮ ಎಪಿಎಂಸಿ ಮನಷ್ಯಾ!"

ನಿಜ ಹೇಳಬೇಕೆಂದರೆ ಸಮೋವಾದವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅವರ ವಿಮಾನಗಳು ಹತ್ತು ಜನ ಹಿಡಿಸಿದರೆ ಹೆಚ್ಚು ಎನ್ನುವಂಥವು. ಅಷ್ಟು ಸಣ್ಣ ವಿಮಾನದಲ್ಲಿ ಒಬ್ಬರು ಮೂವತ್ತು ಕಿಲೊ ಜಾಸ್ತಿ ಇದ್ದರೆ ಪೈಲಟ್‌ಗೆ ಗೊತ್ತಾಗುತ್ತದೆ. ಮಕ್ಕಳನ್ನೂ ತೂಗಿಯೇ ದುಡ್ಡು ತೆಗೆದುಕೊಳ್ಳುತ್ತಿದ್ದರು, ಅದರಿಂದ ಸಂಸಾರಸ್ಥರಿಗೆ ಲಾಭವೇ ಆಗುತ್ತಿತ್ತು. ನಮ್ಮಲ್ಲಿ ಕೇದಾರನಾಥಕ್ಕೆ ಹೆಲಿಕಾಪ್ಟರಿನಲ್ಲಿ ಹೋಗಿ ಬಂದವರನ್ನು ಕೇಳಿ. ಅಲ್ಲೂ 80 ಕಿಲೊ ದಾಟಿದ ಭಕ್ತರು ಮಿಕ್ಕ ತೂಕಕ್ಕೆ ಬೇರೆ ದುಡ್ಡು ಕಟ್ಟುತ್ತಾರೆ. ಬೆಟ್ಟದ ಮೇಲೆ ಗಾಳಿ ತೆಳ್ಳಗೆ, ಹೆಲಿಕಾಪ್ಟರ್ ಚಿಕ್ಕದು. ಡೋಲಿ ಹೊರುವವರು ನಿಮ್ಮನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿ ದರ ಹೇಳಿದರೆ ಅದಕ್ಕೂ ಒಪ್ಪೋಣ. ಹೊರುವ ಹೆಗಲು ಅವರದು. ನೋಯುವುದೂ ಅದೇ.

ಹಾಗಾದರೆ ನಮ್ಮ ದೊಡ್ಡ ವಿಮಾನಗಳ ಹೆಗಲು ಎಷ್ಟು ನೋಯುತ್ತದೆ? ಅದನ್ನೂ ಒಬ್ಬರು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಆ 2013ರಲ್ಲೇ ನಮ್ಮ ದೇಶದ ಗೋಏರ್ ಇನ್ನು ಮುಂದೆ ಕ್ಯಾಬಿನ್ ಸಿಬ್ಬಂದಿಯಾಗಿ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದಿತು. ಕಾರಣ ಮಹಿಳಾ ಸಬಲೀಕರಣ ಅಲ್ಲ. ಹೆಂಗಸರು ಗಂಡಸರಿಗಿಂತ 15-20 ಕಿಲೊ ಹಗುರ, ಇಂಧನ ಉಳಿಯುತ್ತದೆ ಎಂಬುದು. ಆಗ ಅವರು ಹೇಳಿದ ಲೆಕ್ಕ ಹೀಗಿತ್ತು: ಒಂದು ಕಿಲೊ ಭಾರ ಒಂದು ಗಂಟೆ ಹಾರಿದರೆ ಖರ್ಚು 3 ರೂಪಾಯಿ.

ಮೂರು ರೂಪಾಯಿ! ಕಾಕಾ ಕನ್ನಡಕ ಹಾಕಿಕೊಂಡು ಪಂಚಾಂಗದ ಹಿಂದಿನ ಖಾಲಿ ಹಾಳೆ ತೆಗೆದರು.

ನಮ್ಮ ದೇಶದ ವಿಮಾನ ಹಾರಾಟಕ್ಕೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಡಿಜಿಸಿಎ. ಅವರ ಲೆಕ್ಕದಲ್ಲಿ ದೊಡ್ಡವರು ಯಾರೇ ಇರಲಿ, ಕೈಚೀಲ ಸೇರಿ 75 ಕಿಲೊ. ಎರಡರಿಂದ ಹನ್ನೆರಡು ವರ್ಷದ ಮಕ್ಕಳು 35, ಕೂಸು 10. ನಾನೂ 75, ಕಾಕಾನೂ 75, ಕುಸ್ತಿ ಪೈಲ್ವಾನನೂ 75. ಸಂವಿಧಾನದಲ್ಲಿ ಬರೆದಿರುವ ಸಮಾನತೆ ಇಷ್ಟು ಪಕ್ಕಾ ಜಾರಿಯಾಗಿರುವ ಜಾಗ ಈ ದೇಶದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಇರಲಿ. ಆ ಲೆಕ್ಕಕ್ಕಿಂತ ಕಾಕಾ 29 ಕಿಲೊ ಜಾಸ್ತಿ. ಹುಬ್ಬಳ್ಳಿ-ಬೆಂಗಳೂರು ಹೆಚ್ಚುಕಮ್ಮಿ ಒಂದು ಗಂಟೆ. 29ನ್ನು ಮೂರರಿಂದ ಗುಣಿಸಿ. 87 ರೂಪಾಯಿ. 2013ರ ರೇಟು ಈಗಿಲ್ಲ, ಎಲ್ಲವೂ ದುಬಾರಿಯಾಗಿದೆ ಎಂದು ಎರಡರಷ್ಟು ಮಾಡಿ. 174. ವಿಮಾನ ನಿಲ್ದಾಣದೊಳಗೆ ಅಷ್ಟಕ್ಕೆ ನೆಮ್ಮದಿಯಾಗಿ ಒಂದು ಕಾಫಿ ಕುಡಿಯಲು ಆಗುತ್ತದೋ ಇಲ್ಲವೋ ನೀವೇ ಹೇಳಿ. ಇನ್ನು ನಮ್ಮ ಎರಡು ಕಿಲೊ ಉಂಡಿಯ ಖರ್ಚು? ಆರು ರೂಪಾಯಿ. ಎರಡರಷ್ಟು ಮಾಡಿದರೆ ಹನ್ನೆರಡು. ಕೇಳಿದ್ದು ಸಾವಿರದ ಇನ್ನೂರು.

ಕಾಕಾ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನೂರು ಪಟ್ಟು. ನಮ್ಮ ದಲ್ಲಾಳಿಗಳಿಗೆ ಕಳ್ಳರು ಅಂತಾರಲ್ಲೋ ತಮ್ಮಾ."

ಹೀಗೆ ಸಿಬ್ಬಂದಿಯನ್ನೇ ತೂಗಿ ಇಂಧನ ಉಳಿಸಲು ಹೊರಟ ಗೋಏರ್ ಮುಂದೆ ಗೋ ಫಸ್ಟ್ ಆಯಿತು, 2023ರ ಮೇ ತಿಂಗಳಲ್ಲಿ ಹಾರಾಟವನ್ನೇ ನಿಲ್ಲಿಸಿತು. ಮುಳುಗಿದ್ದಕ್ಕೆ ಎಂಜಿನ್ ತೊಂದರೆ ಕಾರಣ ಎಂದು ಅವರು ಹೇಳಿದರು, ಗಂಡಸರ ತೂಕ ಅಲ್ಲ. ಸಮೋವಾ ಏರ್ ಕೂಡ 2015ರ ಹೊತ್ತಿಗೆ ಮುಚ್ಚಿತು. ತಕ್ಕಡಿ ಹಿಡಿದವರಿಗೆ ಶನಿ ಹಿಡಿಯುತ್ತಾನೆ ಎಂದು ನಾನೇನೂ ಹೇಳುತ್ತಿಲ್ಲ. ಕಾಕು ಹೇಳುತ್ತಿದ್ದಾರೆ.

ಪಂಡಿತರೂ ಹಿಂದೆ ಬಿದ್ದಿಲ್ಲ. ನಾರ್ವೆಯಲ್ಲಿ ಪಾಠ ಮಾಡುತ್ತಿದ್ದ ಭರತ್ ಭಟ್ಟ ಎಂಬ ಅರ್ಥಶಾಸ್ತ್ರಜ್ಞರು ಅದೇ 2013ರಲ್ಲಿ ತೂಕಕ್ಕೆ ತಕ್ಕ ಟಿಕೆಟ್ ಎಂದು ಒಂದು ಪ್ರಬಂಧವನ್ನೇ ಬರೆದರು. ಮೂರು ದಾರಿ ತೋರಿಸಿದರು. ಪೂರ್ತಿ ಕಿಲೊ ಲೆಕ್ಕ ಒಂದು. ಎಲ್ಲರಿಗೂ ಒಂದು ಮೂಲ ದರ ಇಟ್ಟು ಹಗುರದವರಿಗೆ ಕಡಿಮೆ, ಭಾರದವರಿಗೆ ಜಾಸ್ತಿ ಮಾಡುವುದು ಇನ್ನೊಂದು. ಹಗುರ, ಸಾಧಾರಣ, ಭಾರ ಎಂದು ಜನರನ್ನು ಮೂರು ಗುಂಪು ಮಾಡುವುದು ಮೂರನೆಯದು. ಮೂರನೆಯದು ನಮಗೆ ಹೇಳಿ ಮಾಡಿಸಿದಂತಿದೆ. ಗುಂಪು ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ಆರು ತಿಂಗಳಲ್ಲಿ 'ಸಾಧಾರಣ' ಗುಂಪಿನವರು ತಮ್ಮನ್ನು 'ಹಗುರ' ಗುಂಪಿಗೆ ಸೇರಿಸಬೇಕೆಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುತ್ತಾರೆ. ಉಪವಾಸ ಧರಣಿಯಾದರೆ ಬೇಡಿಕೆ ತಾನಾಗಿಯೇ ಈಡೇರುತ್ತದೆ.

ಬೇರೆ ದೇಶಗಳಲ್ಲಿ ತೂಗುವುದನ್ನು ಬಹಳ ನಾಜೂಕಾಗಿ ಮಾಡುತ್ತಾರೆ. 2023ರಲ್ಲಿ ಏರ್ ನ್ಯೂಜಿಲೆಂಡ್ ಆಕ್ಲೆಂಡ್ ನಿಲ್ದಾಣದಲ್ಲಿ ಹತ್ತು ಸಾವಿರ ಪ್ರಯಾಣಿಕರನ್ನು ತೂಗಲು ಹೊರಟಿತು. ಹೆಸರು ಬರೆದುಕೊಳ್ಳಲಿಲ್ಲ. ತೂಗುವ ಸಿಬ್ಬಂದಿಗೂ ಅಂಕಿ ಕಾಣದಂತೆ ನೋಡಿಕೊಂಡರು. 2024ರಲ್ಲಿ ಫಿನ್‌ಏರ್ ಹೆಲ್ಸಿಂಕಿಯಲ್ಲಿ ತೂಗಿತು, ಅದೂ ತಾವಾಗಿ ಮುಂದೆ ಬಂದವರನ್ನು ಮಾತ್ರ. ಇದೆಲ್ಲ ಸರಾಸರಿ ತೂಕ ತಿಳಿಯಲು, ವಿಮಾನದ ಸುರಕ್ಷತೆಗೆ. ಟಿಕೆಟ್ ದರಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಅಂಕಿ ಮುಚ್ಚಿಡುವುದು? ಹಿಂದೆ ನಿಂತವರು ಭುಜದ ಮೇಲಿಂದ ಬಗ್ಗಿ ನೋಡಿ, "ತೊಂಬತ್ತೆರಡಾ? ಥೈರಾಯ್ಡ್ ಟೆಸ್ಟ್ ಮಾಡ್ಸಿದ್ರಾ? ಬೆಳಗ್ಗೆ ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡೀರಿ" ಎಂದು ಔಷಧವನ್ನೂ ಹೇಳಿ ಮುಗಿಸಿರುತ್ತಾರೆ.

ತೂಕ ಸರಿಯಾಗಿ ಗೊತ್ತಿರಬೇಕು ಎಂಬುದು ತಮಾಷೆಯ ಮಾತಲ್ಲ. 2003ರ ಜನವರಿಯಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಒಂದು ಸಣ್ಣ ವಿಮಾನ ಮೇಲೇರುವಾಗಲೇ ಬಿದ್ದು 21 ಜನ ಸತ್ತರು. ರಿಪೇರಿಯಲ್ಲಿ ಆದ ತಪ್ಪಿನ ಜೊತೆಗೆ, ಪ್ರಯಾಣಿಕರ ತೂಕವನ್ನು ಹಳೆಯ ಸರಾಸರಿಯಲ್ಲಿ ಕಡಿಮೆ ಅಂದಾಜು ಮಾಡಿದ್ದೂ ಅದರಲ್ಲಿ ಸೇರಿತ್ತು. ಆಮೇಲೆ ಅಲ್ಲಿನ ಸರ್ಕಾರ ಆ ಸರಾಸರಿಯನ್ನು ಏರಿಸಿತು. ಹಾಗಾಗಿ ಸುರಕ್ಷತೆಗಾಗಿ ತೂಗುತ್ತೇವೆ ಎಂದರೆ ಕಾಕಾ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಲು ತಯಾರು.

ಆದರೆ ಈ ಲೆಕ್ಕವನ್ನು ಕಂಪ್ಯೂಟರ್ ಕೈಗೆ ಕೊಟ್ಟರೆ ಏನಾಗುತ್ತದೆ ಗೊತ್ತಾ? 2020ರ ಜುಲೈನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಟಿಯುಐ ಕಂಪನಿಯ ವಿಮಾನವೊಂದು ಹೊರಟಿತು. ಹೆಸರಿನ ಹಿಂದೆ 'ಮಿಸ್' ಎಂದು ಹಾಕಿಕೊಂಡವರೆಲ್ಲ ಮಕ್ಕಳು ಎಂದು ಅವರ ಸಾಫ್ಟ್‌ವೇರ್ ತಿಳಿದುಕೊಂಡಿತ್ತು. 38 ಮಂದಿ ಬೆಳೆದ ಹೆಂಗಸರನ್ನು 69 ಕಿಲೊ ಬದಲು ತಲಾ 35 ಕಿಲೊ ಎಂದು ಬರೆದುಕೊಂಡಿತು. ವಿಮಾನ ಕಾಗದದಲ್ಲಿದ್ದದ್ದಕ್ಕಿಂತ ಸಾವಿರದ ಇನ್ನೂರು ಕಿಲೊಗೂ ಜಾಸ್ತಿ ಭಾರ ಹೊತ್ತು ಹಾರಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಮದುವೆಯಾಗದ ಹೆಣ್ಣುಮಗಳು ಇನ್ನೂ ಮಗು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಅದನ್ನು ಕಿಲೊಗೂ ಇಳಿಸಬಹುದು ಎಂದು ಅವರಿಗೂ ಹೊಳೆದಿರಲಿಲ್ಲ.

ಇನ್ನು ಈ ಪದ್ಧತಿ ನಮ್ಮಲ್ಲಿಗೆ ಬಂತು ಎಂದೇ ಇಟ್ಟುಕೊಳ್ಳಿ. ನಮಗೆ ತಕ್ಕಡಿ ಹತ್ತುವುದು ಹೊಸದಲ್ಲ. ಧರ್ಮಸ್ಥಳದಲ್ಲಿ ತುಲಾಭಾರ ಮಾಡಿಸುತ್ತೇವೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಚಿಲ್ಲರೆ ನಾಣ್ಯ, ಶಕ್ತಿ ಇದ್ದಷ್ಟು. ಅಲ್ಲಿ ಭಾರ ಇದ್ದಷ್ಟೂ ಪುಣ್ಯ ಜಾಸ್ತಿ. ಕೃಷ್ಣನನ್ನು ತೂಗಿದಾಗ ಸತ್ಯಭಾಮೆಯ ಒಡವೆಗಳೆಲ್ಲ ಸಾಲದೆ ರುಕ್ಮಿಣಿಯ ಒಂದು ತುಳಸಿ ಎಲೆಗೆ ತಕ್ಕಡಿ ಬಾಗಿದ ಕತೆ ಎಲ್ಲರಿಗೂ ಗೊತ್ತು. ವಿಮಾನದ ಕೌಂಟರಿನಲ್ಲಿ ತುಳಸಿ ಎಲೆ ನಡೆಯುವುದಿಲ್ಲ, ಕ್ರೆಡಿಟ್ ಕಾರ್ಡೇ ಬೇಕು.

ಮೊದಲ ಜಗಳ ತಕ್ಕಡಿಯ ಮೇಲೇ ಶುರುವಾಗುತ್ತದೆ. ಉತ್ತರ ಕರ್ನಾಟಕದ ಕಬ್ಬು ಬೆಳೆಗಾರರನ್ನು ಕೇಳಿ. ಫ್ಯಾಕ್ಟರಿಯ ಕಾಟಾದಲ್ಲಿ ಮೋಸ ಇದೆ, ನಮ್ಮ ಕಬ್ಬು ಕಡಿಮೆ ತೂಗುತ್ತದೆ ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ಕೊಳ್ಳುವವರ ಕಾಟಾ ಯಾವಾಗಲೂ ಕಡಿಮೆ ತೋರಿಸುತ್ತದೆ. ವಿಮಾನದವರು ಮಾರುವವರು. ಅವರ ಕಾಟಾ ಯಾವ ಕಡೆ ವಾಲುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ಕಿರಾಣಿ ಅಂಗಡಿಯವನು ಕಾಲಕಾಲಕ್ಕೆ ತಕ್ಕಡಿಗೆ ಸರ್ಕಾರಿ ಮುದ್ರೆ ಹಾಕಿಸಬೇಕು. ನಮ್ಮನ್ನು ತೂಗುವ ಯಂತ್ರಕ್ಕೂ ಆ ಮುದ್ರೆ ಹಾಕಲು ಇಲಾಖೆಯವರು ಬರುತ್ತಾರೆ, ಬಂದವರು ಹಾಗೇ ಹೋಗುವುದಿಲ್ಲ.

ಆಮೇಲೆ ತೂಕದ ಸರ್ಟಿಫಿಕೇಟ್. ನಾಡಕಚೇರಿಯಲ್ಲಿ ಅರ್ಜಿ, ಆಧಾರ್ ಜೆರಾಕ್ಸ್, ಎರಡು ಫೋಟೊ. ಅರ್ಜಿ ಕೊಟ್ಟಾಗ 70 ಕಿಲೊ ಇದ್ದವರು ಅಲೆದು ಅಲೆದು ಸರ್ಟಿಫಿಕೇಟ್ ಸಿಗುವ ಹೊತ್ತಿಗೆ 62 ಆಗಿರುತ್ತಾರೆ. ತಿದ್ದುಪಡಿಗೆ ಮತ್ತೆ ಅರ್ಜಿ. ಮಂತ್ರಿಗಳಿಗೆ ವಿನಾಯಿತಿ ಹೇಗೂ ಇರುತ್ತದೆ. ಇರಬೇಕು ಕೂಡ. ಕ್ರೇನಿನಲ್ಲಿ ಎತ್ತಿ ಹಾಕುವ ಆ ಸೇಬಿನ ಹಾರ ಇದೆಯಲ್ಲ, ಅದನ್ನು ಹಾಕಿಕೊಂಡು ತೂಗಬೇಕೋ ತೆಗೆದು ತೂಗಬೇಕೋ ಎಂದು ತೀರ್ಮಾನಿಸಲು ಒಂದು ಸಮಿತಿ ಮಾಡಬೇಕಾಗುತ್ತದೆ. ಸಮಿತಿಯ ವರದಿ ಮೇಜಿನ ಮೇಲೆ ಭಾರವಾಗಿ ಕೂರುತ್ತದೆ.

ಒಂದು ಉಪಯೋಗವಂತೂ ಇದೆ. 2025ರ ಮಾರ್ಚ್‌ನಲ್ಲಿ ದುಬೈನಿಂದ ಬೆಂಗಳೂರಿಗೆ ಬಂದ ಒಬ್ಬರ ಬಳಿ 14 ಕಿಲೊಗೂ ಜಾಸ್ತಿ ಬಂಗಾರ ಸಿಕ್ಕಿತು ಎಂದು ಪೇಪರಿನಲ್ಲಿ ಓದಿದ್ದೀರಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತೂಗಿದರೆ ಕಸ್ಟಮ್ಸ್‌ನವರ ಕೆಲಸ ಎಷ್ಟು ಸಲೀಸು. ದುಬೈನಲ್ಲಿ ನಾಲ್ಕೇ ದಿನ ಉಂಡು ಇಷ್ಟು ದಪ್ಪಗಾಗುವುದು ಹೇಗೆ ಸಾಧ್ಯ ಎಂದು ಕೇಳಿದರಾಯಿತು.

ತೂಕ ಇಳಿದರೆ ಟಿಕೆಟ್ ಇಳಿಯುತ್ತದೆಯೇ? ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. 2023ರಲ್ಲಿ ಜೆಫ್ರೀಸ್ ಎಂಬ ಹಣಕಾಸು ಸಂಸ್ಥೆಯವರು, ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ಬಂದಿವೆಯಲ್ಲ, ಅವುಗಳಿಂದ ಪ್ರಯಾಣಿಕರು ಸರಾಸರಿ ನಾಲ್ಕೂವರೆ ಕಿಲೊ ಇಳಿದರೆ ಅಮೆರಿಕದ ಯುನೈಟೆಡ್ ಕಂಪನಿ ಒಂದಕ್ಕೇ ವರ್ಷಕ್ಕೆ 8 ಕೋಟಿ ಡಾಲರ್ ಇಂಧನ ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ಇಂಜೆಕ್ಷನ್ ಖರ್ಚು ನಿಮ್ಮದು. ಉಪವಾಸ ನಿಮ್ಮದು. ಉಳಿದ 8 ಕೋಟಿ ಡಾಲರ್ ಅವರದು. ಕಾಕಾ ಇದನ್ನು ಒಂದೇ ಸಾಲಿನಲ್ಲಿ ಹೇಳಿದರು: "ನಾ ಊಟ ಬಿಡೋದು, ಅವರು ರೊಕ್ಕ ಎಣಸೋದು."

ಜಪಾನಿನ ಎಎನ್‌ಎ 2009ರಲ್ಲಿ ವಿಮಾನ ಹತ್ತುವ ಮೊದಲು ಒಮ್ಮೆ ಶೌಚಾಲಯಕ್ಕೆ ಹೋಗಿ ಬನ್ನಿ, ಭಾರ ಕಡಿಮೆಯಾಗುತ್ತದೆ ಎಂದು ಪ್ರಯಾಣಿಕರನ್ನು ಕೇಳಿಕೊಂಡಿತ್ತು. ಇಷ್ಟು ಹತ್ತಿರದಿಂದ ನಮ್ಮ ಯೋಗಕ್ಷೇಮ ವಿಚಾರಿಸಿದ ಕಂಪನಿ ಬೇರೆ ಇಲ್ಲ. ಆದರೆ ಹೋಗಿ ಬಂದವರಿಗೆ ಟಿಕೆಟಿನಲ್ಲಿ ಏನಾದರೂ ಕಡಿಮೆ ಮಾಡಿದ ಸುದ್ದಿ ನಾನಂತೂ ಓದಿಲ್ಲ.

ನನಗೆ ಅನಿಸುವುದು ಇಷ್ಟು. ನಮ್ಮ ವಿಮಾನ ಕಂಪನಿಗಳು ನಮ್ಮನ್ನು ಯಾವತ್ತೂ ತೂಗುವುದಿಲ್ಲ. ದಾಕ್ಷಿಣ್ಯದಿಂದ ಅಲ್ಲ, ಲೆಕ್ಕ ಬಯಲಾಗುತ್ತದೆ ಎಂದು. ಏ320 ಜಾತಿಯ ವಿಮಾನ ಒಬ್ಬರೂ ಹತ್ತದೆ, ಹನಿ ಇಂಧನ ಹಾಕದೆ ಸುಮ್ನೆ ನಿಂತಿದ್ದರೂ 40 ಟನ್ ಮೇಲಿರುತ್ತದೆ. 180 ಜನ ಹತ್ತಿದರೆ ಡಿಜಿಸಿಎ ಲೆಕ್ಕದಲ್ಲಿ ಹದಿಮೂರೂವರೆ ಟನ್. ಅಂದರೆ ಕಬ್ಬಿಣ, ಅಲ್ಯೂಮಿನಿಯಂ, ಸೀಟು, ಊಟದ ಗಾಡಿ ಇವುಗಳ ಭಾರವೇ ನಮ್ಮೆಲ್ಲರ ಮೂರು ಪಟ್ಟು. ಅದರಲ್ಲಿ ಕಾಕಾನ ಹೆಚ್ಚುವರಿ 29 ಕಿಲೊ ಎಲ್ಲಿಗೆ ಬಂತು? ನಿಜವಾಗಿ ತಕ್ಕಡಿ ಇಟ್ಟರೆ ನನಗೂ ಕಾಕಾನಿಗೂ ನೂರು ಇನ್ನೂರು ರೂಪಾಯಿ ವ್ಯತ್ಯಾಸ. ಆಗ ಜನ ಕೇಳುತ್ತಾರೆ, ಹಾಗಾದರೆ ಮಿಕ್ಕ ಸಾವಿರಗಳು ಯಾವ ತೂಕಕ್ಕೆ ಸ್ವಾಮಿ?

2025ರ ಡಿಸೆಂಬರ್ ನೆನಪಿದೆಯಾ? ವಿಮಾನಗಳು ಸಾಲುಸಾಲಾಗಿ ರದ್ದಾದವು. ಉಳಿದ ಸೀಟುಗಳ ದರ ಎಲ್ಲಿಗೆ ಏರಿತೆಂದರೆ ಸರ್ಕಾರವೇ ಮಧ್ಯೆ ಬಂದು, 500 ಕಿಲೊಮೀಟರ್ ಒಳಗಿನ ಹಾರಾಟಕ್ಕೆ 7,500 ರೂಪಾಯಿ ಮೀರಬೇಡಿ ಎಂದು ಗೆರೆ ಹಾಕಬೇಕಾಯಿತು. ಆ ವಾರ ದೇಶದ ಜನ ಒಂದೇ ರಾತ್ರಿಯಲ್ಲಿ ದಪ್ಪಗಾಗಿರಲಿಲ್ಲ. ಅವಸರದಲ್ಲಿದ್ದರು, ಅಷ್ಟೇ. ತೂಗಿದ್ದು ಆ ಅವಸರವನ್ನು. ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರಿ ಹತ್ತಕ್ಕೆ ಟಿಕೆಟ್ ಹುಡುಕುವವರು ಎಷ್ಟು ಕಿಲೊ ಎಂದು ಆ್ಯಪ್‌ಗೆ ಚೆನ್ನಾಗಿ ಗೊತ್ತು.

ಹಾಗೆ ನೋಡಿದರೆ ತೂಕ ಕೇಳದೆ, ಅವಸರ ಕೇಳದೆ ಹತ್ತಿಸಿಕೊಂಡ ಕಾಲವೂ ಒಂದಿತ್ತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಮುಂದೆ ಒಂದು ರೂಪಾಯಿಗೂ ಟಿಕೆಟ್ ಬಿಟ್ಟರು. ಸಿಕ್ಕಿದವರ ಅದೃಷ್ಟ ಎನ್ನಿ. ಆ ಲೆಕ್ಕದಲ್ಲಿ ನಮ್ಮ ಕಾಕಾ ಕಿಲೊಗೆ ಒಂದು ಪೈಸೆಗೂ ಕಡಿಮೆ. ಮೆಣಸಿನಕಾಯಿ ಅಷ್ಟು ಸೋವಿಯಾಗಿ ಯಾವ ಕಾಲಕ್ಕೂ ಸಿಕ್ಕಿಲ್ಲ.

ಇನ್ನು ತೂಕ, ದರ ಎರಡಕ್ಕೂ ತಾಳಮೇಳವೇ ಇಲ್ಲದ ಇನ್ನೊಂದು ಕತೆ ನಮ್ಮಲ್ಲೇ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು. ಶಕ್ತಿ ಯೋಜನೆ ಇದ್ದದ್ದರಿಂದ ಇಬ್ಬರಿಗೂ ಪುಕ್ಕಟೆ. ಅವರ ಪಂಜರದಲ್ಲಿ ನಾಲ್ಕು ಲವ್ ಬರ್ಡ್ಸ್. ಕಂಡಕ್ಟರ್ ನಾಲ್ಕಕ್ಕೂ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿದರು. ಟಿಕೆಟ್ ಫೋಟೊ ಊರೆಲ್ಲ ಸುತ್ತಿತು. ನಾಲ್ಕೂ ಸೇರಿಸಿ ತೂಗಿದರೆ ಕಾಲು ಕಿಲೊ ಆಗುವುದೂ ಅನುಮಾನ. ಈ ಭೂಮಿಯ ಮೇಲೆ ಗ್ರಾಂ ಲೆಕ್ಕದಲ್ಲಿ ಅಷ್ಟು ದುಬಾರಿ ಪ್ರಯಾಣ ಮಾಡಿದವರು ಇನ್ಯಾರೂ ಇರಲಿಕ್ಕಿಲ್ಲ. ಅದೂ ರೆಕ್ಕೆ ಇದ್ದವರು.

ಗಣೇಶ ಹಬ್ಬಕ್ಕೆ ಕಾಕಾ ಕಾಕು ಹುಬ್ಬಳ್ಳಿಗೆ ವಾಪಸ್ ಹೊರಟರು. ಟಿಕೆಟ್ ನೋಡಲು ಮೊಬೈಲ್ ತೆಗೆದೆ. ಒಬ್ಬರಿಗೆ 4,300. "ತಡಿ, ಕಾಕುನ್ನ ಕೇಳಿ ಹೇಳ್ತೀನಿ" ಎಂದು ಕಾಕಾ ಒಳಗೆ ಹೋಗಿ ಬಂದರು. 5,150. ಕಾಕು ಒಳಗೆ ಕಡುಬು ಮಾಡುತ್ತಿದ್ದರು, ಕಾಕಾ ಒಂದು ಬಾಯಿಗೆ ಹಾಕಿಕೊಂಡು ಬಂದಿದ್ದರು ನಿಜ. ಅದರ ತೂಕ ಎಂಟುನೂರೈವತ್ತು ರೂಪಾಯಿಯಷ್ಟಿರಲಿಲ್ಲ.

ರಾತ್ರಿ ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ ಹತ್ತಿಸಿದೆ. ಕಾಕು ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತೆಗೆದುಕೊಂಡರು. ಕಾಕಾ ಮೂರು ಜನರ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಅರ್ಧ ಸೀಟು ಜಾಸ್ತಿಯೇ ಹಿಡಿದರು. ಅವರ ತೂಕ ಎಷ್ಟೆಂದು ಕಂಡಕ್ಟರ್ ಕೇಳಲಿಲ್ಲ. ಕಾಲಬಳಿ ಇದ್ದ ಬ್ಯಾಗನ್ನು ಮಾತ್ರ ಅನುಮಾನದಿಂದ ನೋಡಿದರು.

"ಒಳಗ ಹಕ್ಕಿ ಗಿಕ್ಕಿ ಏನಿಲ್ಲಲ್ರೀ ಅಜ್ಜಾರ?"

"ಕಡುಬು ಐತಪ್ಪಾ" ಎಂದರು ಕಾಕಾ. ಕಾಕು ಆಗಲೇ ಡಬ್ಬಿ ಬಿಚ್ಚುತ್ತಿದ್ದರು.